ಮುಕ್ತ ತಂತ್ರಾಂಶ ಮತ್ತು ಜಾಲತಾಣದ ಒಡೆತನ



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳಲ್ಲಿ ಕನ್ನಡಿಗರು ಕಟ್ಟಿಕೊಂಡಿರುವ ಯಾವ ಸಂಘದ ಕಾರ್ಯಾಲಯಕ್ಕೆ ಹೋದರೂ ಕಣ್ಣಿಗೆ ಬೀಳುವ ವಸ್ತುಗಳು ಬಹುಮಟ್ಟಿಗೆ ಒಂದೇ ಬಗೆಯವು. ಗೋಡೆಯ ಮೇಲೆ ಸಂಸ್ಥಾಪಕರ ಭಾವಚಿತ್ರಗಳು, ಬೀರುವಿನಲ್ಲಿ ಹಳೆಯ ಸ್ಮರಣ ಸಂಚಿಕೆಗಳು, ಮೇಜಿನ ಮೇಲೆ ನಡಾವಳಿ ಪುಸ್ತಕ. ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ಸ್ಥಿರಾಸ್ತಿಗೆ ಕಣ್ಣಿಗೆ ಕಾಣದ ಇನ್ನೊಂದು ಸೇರಿಕೊಂಡಿದೆ. ಅದು ಸಂಘದ ಜಾಲತಾಣ. ಅನೇಕ ಕಡೆಗಳಲ್ಲಿ ಅದರ ಸ್ಥಿತಿಯೂ ಒಂದೇ ಬಗೆಯದು: ಮುಖಪುಟದಲ್ಲಿ ಮೂರು ವರ್ಷಗಳ ಹಿಂದಿನ ರಾಜ್ಯೋತ್ಸವದ ಆಹ್ವಾನ, ಅಧಿಕಾರ ಬಿಟ್ಟುಕೊಟ್ಟ ಕಾರ್ಯದರ್ಶಿಯ ದೂರವಾಣಿ ಸಂಖ್ಯೆ, ತೆರೆಯಲೊಲ್ಲದ ಛಾಯಾಚಿತ್ರಗಳು. ಕಾರಣವನ್ನು ವಿಚಾರಿಸಿದರೆ ದೊರೆಯುವ ಉತ್ತರವೂ ಪರಿಚಿತವೇ. ತಾಣವನ್ನು ರಚಿಸಿಕೊಟ್ಟ ತರುಣನು ಉದ್ಯೋಗನಿಮಿತ್ತ ಬೇರೆ ಊರಿಗೆ ಹೋದನು. ಗುಪ್ತಪದವೂ ಅವನ ಜೊತೆಯಲ್ಲಿಯೇ ಹೋಯಿತು.

ತಂತ್ರಾಂಶ ರಚನೆಯ ಗಂಧವಿಲ್ಲದವರು ಇಂದು ಮುಕ್ತ ತಂತ್ರಾಂಶದ ವಿಷಯ ನಿರ್ವಹಣಾ ವ್ಯವಸ್ಥೆಗಳತ್ತ ತಿರುಗುತ್ತಿರುವುದಕ್ಕೆ ಈ ಬಗೆಯ ಅನುಭವವೇ ಮುಖ್ಯ ಕಾರಣಗಳಲ್ಲೊಂದು. ಗ್ರಂಥಪಾಲಕರು, ಶಾಲಾ ಮುಖ್ಯೋಪಾಧ್ಯಾಯರು, ಸಣ್ಣ ಪತ್ರಿಕೆಗಳ ಸಂಪಾದಕರು, ಸರಕಾರಿ ಕಚೇರಿಗಳ ಅಧಿಕಾರಿಗಳು ಈ ವ್ಯವಸ್ಥೆಗಳ ಹೆಸರನ್ನು ಈಗ ತಾವೇ ಎತ್ತುತ್ತಿದ್ದಾರೆ. ಹೆಸರು ಎಷ್ಟು ಗಂಭೀರವಾಗಿದೆಯೋ ಒಳಗಿನ ತತ್ತ್ವ ಅಷ್ಟೇ ಸರಳವಾದುದು.

ಹಿಂದೆ ಅಚ್ಚುಕೂಟಗಳಲ್ಲಿ ಲೇಖಕನು ಹಸ್ತಪ್ರತಿಯನ್ನು ಕೊಟ್ಟರೆ, ಮೊಳೆ ಜೋಡಿಸುವವನು ಅಕ್ಷರಗಳನ್ನು ಒಂದೊಂದಾಗಿ ಆಯ್ದು ಪುಟವನ್ನು ಕಟ್ಟುತ್ತಿದ್ದನು. ಲೇಖಕನಿಗೆ ಮೊಳೆಗಳ ವಿಚಾರ ತಿಳಿಯಬೇಕಾಗಿರಲಿಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಆ ದಿನಗಳ ಜಾಲಪುಟಗಳಲ್ಲಿ ಈ ಶ್ರಮವಿಭಜನೆ ಬಹುಮಟ್ಟಿಗೆ ಇರಲಿಲ್ಲ. ಬರಹವೂ ಅದರ ರೂಪವನ್ನು ನಿರ್ದೇಶಿಸುವ ಸಂಕೇತಗಳೂ ಒಂದೇ ಕಡತದಲ್ಲಿ ಹೆಣೆದುಕೊಂಡಿರುತ್ತಿದ್ದವು. ನೂರು ಪುಟಗಳ ತಾಣದಲ್ಲಿ ಪ್ರತಿ ಪುಟದ ಅಡಿಯಲ್ಲಿಯೂ ಸಂಘದ ವಿಳಾಸವಿದ್ದು, ಕಾರ್ಯಾಲಯವು ಬೇರೆ ಕಟ್ಟಡಕ್ಕೆ ಹೋಯಿತೆಂದರೆ ನೂರು ಕಡತಗಳನ್ನೂ ತೆರೆದು ತಿದ್ದಬೇಕಾಗುತ್ತಿತ್ತು. ತಿದ್ದಲು ಸಂಕೇತಗಳ ಅರಿವು ಬೇಕು, ಅರಿವುಳ್ಳವನು ಒಬ್ಬನೇ, ಅವನಿಗೆ ಬಿಡುವಿಲ್ಲ.

ವಿಷಯ ನಿರ್ವಹಣಾ ವ್ಯವಸ್ಥೆಯು ಬರಹವನ್ನು ರೂಪದಿಂದ ಬೇರ್ಪಡಿಸುತ್ತದೆ. ಬರಹವೆಲ್ಲವೂ ಒಂದು ದತ್ತಸಂಚಯದಲ್ಲಿ ಸೇರುತ್ತದೆ. ಪುಟದ ಬಣ್ಣ, ಅಂಚು, ಶೀರ್ಷಿಕೆಯ ಗಾತ್ರ ಇತ್ಯಾದಿಗಳನ್ನು ಥೀಮ್ ಎಂಬ ಪ್ರತ್ಯೇಕ ಕಡತಗಳ ಕಟ್ಟು ನೋಡಿಕೊಳ್ಳುತ್ತದೆ. ಓದುಗನು ಪುಟವನ್ನು ಕೇಳಿದ ಕ್ಷಣದಲ್ಲಿ ಸರ್ವರ್ ಇವೆರಡನ್ನೂ ಕೂಡಿಸಿ ಪುಟವನ್ನು ಕಟ್ಟಿ ಕಳುಹಿಸುತ್ತದೆ. ವಿಳಾಸವನ್ನು ಒಂದು ಕಡೆ ತಿದ್ದಿದರೆ ನೂರು ಪುಟಗಳಲ್ಲಿಯೂ ತಿದ್ದಿದಂತಾಗುತ್ತದೆ. ಬರೆಯುವವನ ಮುಂದೆ ಇರುವುದು ಕಾಗದದಂತಹ ಒಂದು ಬಿಳಿಯ ಚೌಕಟ್ಟು ಮತ್ತು ‘ಪ್ರಕಟಿಸು’ ಎಂಬ ಗುಂಡಿ. ಮೊಳೆ ಜೋಡಿಸುವವನು ಹೋಗಲಿಲ್ಲ, ಯಂತ್ರದ ಒಳಗೆ ಸೇರಿಕೊಂಡನು ಎನ್ನಬಹುದು.

ಈ ವ್ಯವಸ್ಥೆಗಳ ಪೈಕಿ ಹೆಚ್ಚು ಪ್ರಚಾರದಲ್ಲಿರುವ ಮೂರರ ಹುಟ್ಟಿನ ಕಥೆಗಳು ಕುತೂಹಲಕರವಾಗಿವೆ. ಬೆಲ್ಜಿಯಂ ದೇಶದ ಆಂಟ್ವರ್ಪ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಡ್ರೈಸ್ ಬೈಟಾರ್ಟ್ 2000ದಲ್ಲಿ ತನ್ನ ವಸತಿಗೃಹದ ಸಹವಾಸಿಗಳ ಉಪಯೋಗಕ್ಕಾಗಿ ಒಂದು ಸೂಚನಾಫಲಕವನ್ನು ರಚಿಸಿದನು. ಜಾಲಸಂಪರ್ಕ ಸರಿಯಿದೆಯೇ, ಊಟಕ್ಕೆ ಎಲ್ಲಿ ಸೇರೋಣ ಎಂಬಂತಹ ಸಂಗತಿಗಳಿಗೆ ಮೀಸಲಾಗಿದ್ದ ಆ ಫಲಕವೇ 2001ರ ಜನವರಿಯಲ್ಲಿ ಡ್ರೂಪಲ್ ಎಂಬ ಹೆಸರಿನಲ್ಲಿ ಲೋಕಕ್ಕೆ ಮುಕ್ತವಾಯಿತು. ಡಚ್ ಭಾಷೆಯಲ್ಲಿ ‘ಹಳ್ಳಿ’ ಎಂಬರ್ಥದ ಪದವನ್ನು ತಾಣದ ಹೆಸರಾಗಿ ನೋಂದಾಯಿಸಹೋಗಿ ಅಕ್ಷರಪಲ್ಲಟದಿಂದ ಅದು ‘ಹನಿ’ಯಾಯಿತೆಂದೂ, ಆ ಹನಿಯ ಡಚ್ ರೂಪವೇ ಡ್ರೂಪಲ್ ಎಂಬ ಹೆಸರಿಗೆ ಮೂಲವೆಂದೂ ಪ್ರಸಿದ್ಧವಾಗಿದೆ.

ವರ್ಡ್‌ಪ್ರೆಸ್ ಹುಟ್ಟಿದ್ದು ಅನಾಥವಾದ ತಂತ್ರಾಂಶವೊಂದರಿಂದ. ಬಿ2 ಎಂಬ ಹೆಸರಿನ ಆ ತಂತ್ರಾಂಶದ ಕೆಲಸ ನಿಂತುಹೋದಾಗ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಓದುತ್ತಿದ್ದ ಮ್ಯಾಟ್ ಮಲನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟ್ಲ್ ಅದರ ಪ್ರತಿಯೊಂದನ್ನು ತೆಗೆದುಕೊಂಡು ಮುಂದುವರಿಸಿದರು. ಮೊದಲ ಆವೃತ್ತಿ 2003ರ ಮೇ 27ರಂದು ಹೊರಬಂದಿತು. ಅವರು ಹೀಗೆ ಮಾಡಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಬಿ2 ತಂತ್ರಾಂಶವು ಸಾಮಾನ್ಯ ಸಾರ್ವಜನಿಕ ಪರವಾನಗಿ ಎಂಬ ಪರವಾನಗಿಗೆ ಒಳಪಟ್ಟಿತ್ತು. ರಿಚರ್ಡ್ ಸ್ಟಾಲ್ಮನ್ ರೂಪಿಸಿದ, 1989ರಲ್ಲಿ ಮೊದಲು ಪ್ರಕಟವಾದ ಈ ಪರವಾನಗಿಯ ಅನ್ವಯ ಯಾರು ಬೇಕಾದರೂ ತಂತ್ರಾಂಶವನ್ನು ಬಳಸಬಹುದು, ಒಳಗನ್ನು ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಪಡೆದವರಿಗೂ ಇದೇ ಹಕ್ಕುಗಳನ್ನು ಕೊಡಬೇಕು. ಇಂದು ಲೋಕದ ಜಾಲತಾಣಗಳಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ತಾಣಗಳು ಈ ಒಂದೇ ತಂತ್ರಾಂಶದ ಮೇಲೆ ನಡೆಯುತ್ತಿವೆ ಎಂಬುದನ್ನು ನೆನೆದರೆ, ಪರವಾನಗಿಯ ಕೆಲವು ಪುಟಗಳ ಬೆಲೆ ಏನೆಂಬುದು ಮನದಟ್ಟಾಗುತ್ತದೆ.

ಮೂರನೆಯದಾದ ಜೂಮ್ಲಾ ಹುಟ್ಟಿದ್ದು ಜಗಳದಿಂದ. ಮ್ಯಾಂಬೋ ಎಂಬ ವ್ಯವಸ್ಥೆಯ ತಂತ್ರಾಂಶ ರಚನಕಾರರು, ಅದರ ಆಡಳಿತ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯ ಮೇಲೆ 2005ರ ಆಗಸ್ಟ್‌ನಲ್ಲಿ ಒಟ್ಟಾಗಿ ಹೊರನಡೆದು, ಮುಂದಿನ ತಿಂಗಳೇ ಜೂಮ್ಲಾವನ್ನು ಬಿಡುಗಡೆ ಮಾಡಿದರು. ಹೆಸರು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯದು. ‘ಎಲ್ಲರೂ ಕೂಡಿ’ ಎಂದು ಅದರ ಅರ್ಥ. ಹಳೆಯ ಲೆಕ್ಕಪತ್ರಗಳನ್ನು ಬಲ್ಲ ಕನ್ನಡಿಗರಿಗೆ ಈ ಪದ ಅಪರಿಚಿತವಲ್ಲ. ಒಟ್ಟು ಮೊತ್ತಕ್ಕೆ ಜುಮ್ಲಾ ಎನ್ನುವ ರೂಢಿ ಕನ್ನಡ ನಾಡಿನ ಲೆಕ್ಕದ ಪುಸ್ತಕಗಳಲ್ಲಿಯೂ ಇತ್ತು. ಅರಬ್ಬಿಯಿಂದ ಹೊರಟ ಒಂದೇ ಪದವು ಒಂದು ಕಡೆ ಆಫ್ರಿಕದ ಕರಾವಳಿಗೂ ಇನ್ನೊಂದು ಕಡೆ ಶಾನುಭೋಗರ ಪುಸ್ತಕಕ್ಕೂ ಹೋಯಿತು.

ಇವೆಲ್ಲವೂ ತಂತ್ರಜ್ಞರು ತಂತ್ರಜ್ಞರಿಗಾಗಿ ಆರಂಭಿಸಿದ ಕಾರ್ಯಗಳು. ಹೊರಗಿನವರು ಒಳಬಂದದ್ದು ಹಂತಹಂತವಾಗಿ. ವರ್ಡ್‌ಪ್ರೆಸ್‌ನಲ್ಲಿ 2004ರಲ್ಲಿ ಪ್ಲಗಿನ್ ಎಂಬ ಜೋಡಣೆಯ ತುಣುಕುಗಳಿಗೂ 2005ರಲ್ಲಿ ಥೀಮ್‌ಗಳಿಗೂ ಅವಕಾಶವಾಯಿತು. ಸಂಕೇತಗಳನ್ನು ಮುಟ್ಟದೆಯೇ ಹೊಸ ರೂಪವನ್ನೂ ಹೊಸ ಶಕ್ತಿಯನ್ನೂ ಸೇರಿಸಿಕೊಳ್ಳುವುದು ಇದರಿಂದ ಸಾಧ್ಯವಾಯಿತು. ಆದರೂ ಸಂಘಸಂಸ್ಥೆಗಳ ದೃಷ್ಟಿಯಿಂದ ಇವುಗಳಿಗಿಂತ ದೊಡ್ಡ ಉಪಕಾರವೆಂದರೆ ಅಧಿಕಾರಗಳ ಹಂಚಿಕೆ. ವ್ಯವಸ್ಥಾಪಕ, ಸಂಪಾದಕ, ಲೇಖಕ, ಸಹಾಯಕ ಲೇಖಕ ಎಂಬ ಶ್ರೇಣಿಗಳನ್ನು ತಂತ್ರಾಂಶವೇ ಕಲ್ಪಿಸಿಕೊಡುತ್ತದೆ. ಸಹಾಯಕ ಲೇಖಕನು ಬರೆಯಬಲ್ಲನು, ಪ್ರಕಟಿಸಲಾರನು. ಸಂಪಾದಕನು ಎಲ್ಲರ ಬರಹವನ್ನೂ ತಿದ್ದಬಲ್ಲನು, ಆದರೆ ತಾಣದ ರಚನೆಯನ್ನು ಕೆಡಿಸಲಾರನು. 2008ರಿಂದ ಪ್ರತಿ ತಿದ್ದುಪಡಿಯ ಹಳೆಯ ಪಾಠವೂ ಉಳಿಯುತ್ತದೆ; ಯಾರು ಯಾವಾಗ ತಿದ್ದಿದರೆಂಬುದು ನಡಾವಳಿ ಪುಸ್ತಕದಲ್ಲಿರುವಂತೆಯೇ ದಾಖಲಾಗುತ್ತದೆ. ಸಂಘದ ಕೆಲಸ ಮಾಡಿದವರಿಗೆ ಈ ಏರ್ಪಾಡಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

ತಂತ್ರಾಂಶ ತಜ್ಞರಲ್ಲದವರು ಮುಕ್ತ ತಂತ್ರಾಂಶವನ್ನು ತಮ್ಮದಾಗಿಸಿಕೊಂಡುದಕ್ಕೆ ಕರ್ನಾಟಕದಲ್ಲಿಯೇ ಒಂದು ಹಳೆಯ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2002ರಲ್ಲಿ ಸಂಸ್ಥೆಯ ಸಂಶೋಧನ ಲೇಖನಗಳ ಜಾಲಭಂಡಾರವೊಂದು ಆರಂಭವಾಯಿತು. ಭಾರತದಲ್ಲಿ ಈ ಬಗೆಯ ಭಂಡಾರಗಳಲ್ಲಿ ಇದು ಮೊದಲನೆಯದು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಈಪ್ರಿಂಟ್ಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ಇದನ್ನು ಕಟ್ಟಿದ್ದು ಗ್ರಂಥಾಲಯ ಮತ್ತು ಮಾಹಿತಿ ಶಾಸ್ತ್ರದ ಕ್ಷೇತ್ರಕ್ಕೆ ಸೇರಿದವರು. ಲೇಖನದ ಕರ್ತೃ, ವರ್ಷ, ವಿಷಯ ಎಂದು ವರ್ಗೀಕರಿಸುವ ವಿದ್ಯೆ ಗ್ರಂಥಪಾಲಕರಿಗೆ ತಲೆಮಾರುಗಳಿಂದ ಬಂದುದು. ತಂತ್ರಾಂಶವು ಅದಕ್ಕೆ ಹೊಸ ಕಪಾಟನ್ನು ಒದಗಿಸಿತು, ಅಷ್ಟೆ. ವಿಕಿಪೀಡಿಯದ ಹಿಂದೆ ಇರುವ ಮೀಡಿಯಾವಿಕಿಯೂ ಮುಕ್ತ ತಂತ್ರಾಂಶವೇ. ಅದರ ಆಧಾರದ ಮೇಲೆ 2003ರಲ್ಲಿ ಕನ್ನಡ ವಿಕಿಪೀಡಿಯವೂ 2016ರಲ್ಲಿ ತುಳು ವಿಕಿಪೀಡಿಯವೂ ನೆಲೆಗೊಂಡವು. ಶಿಕ್ಷಕರು, ವಿದ್ಯಾರ್ಥಿಗಳು, ನಿವೃತ್ತರು ಅಲ್ಲಿ ಬರೆಯುತ್ತಾರೆ.

ಸರಕಾರದ ಮಟ್ಟದಲ್ಲಿ ಈ ಆಸಕ್ತಿಗೆ ಕಾನೂನಿನ ಹಿನ್ನೆಲೆಯೂ ಇದೆ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣವು, ಯಾರೂ ಅರ್ಜಿ ಹಾಕದಿದ್ದರೂ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು ತಾನಾಗಿಯೇ ಪ್ರಕಟಿಸಬೇಕಾದ ಸಂಗತಿಗಳನ್ನು 17 ಬಾಬುಗಳಲ್ಲಿ ಹೇಳುತ್ತದೆ. ಪ್ರಸಾರ ಮಾಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದೂ ಹೇಳುತ್ತದೆ. ಈ ವಿವರಗಳನ್ನು ಪ್ರತಿ ವರ್ಷವೂ ಪರಿಷ್ಕರಿಸಬೇಕು. ಅಧಿಕಾರಿಗಳ ವರ್ಗಾವಣೆಯಾದಾಗಲೆಲ್ಲ ತಂತ್ರಜ್ಞನಿಗಾಗಿ ಕಾಯುತ್ತ ಕುಳಿತರೆ ಈ ಕೆಲಸ ಸಾಗದು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸರಕಾರಿ ಜಾಲತಾಣಗಳಿಗೆ 2009ರಲ್ಲಿ ಮಾರ್ಗಸೂಚಿಗಳನ್ನು ರೂಪಿಸಿತು. ದೃಷ್ಟಿದೋಷವುಳ್ಳವರೂ ಪುಟಗಳನ್ನು ಬಳಸುವಂತಿರಬೇಕು ಎಂಬುದು ಅವುಗಳ ಮುಖ್ಯ ಅಂಶಗಳಲ್ಲೊಂದು. 2012ರಲ್ಲಿ ತೆರೆದ ಭಾರತದ ಮುಕ್ತ ದತ್ತಾಂಶ ತಾಣಕ್ಕೆ ಆಧಾರವಾದ ವೇದಿಕೆಯನ್ನು ಭಾರತ ಮತ್ತು ಅಮೆರಿಕ ಸರಕಾರಗಳು ಜೊತೆಗೂಡಿ ಡ್ರೂಪಲ್‌ನ ಮೇಲೆ ನಿರ್ಮಿಸಿದವು. 2015ರಲ್ಲಿ ಭಾರತ ಸರಕಾರವು ಮುಕ್ತ ತಂತ್ರಾಂಶದ ಅಳವಡಿಕೆಯ ನೀತಿಯನ್ನು ಪ್ರಕಟಿಸಿತು. ಅದರ ಪ್ರಕಾರ ಇ-ಆಡಳಿತದ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆಯಿದೆ. ಅದನ್ನು ಕೈಬಿಡುವ ಸರಬರಾಜುದಾರರು ಕಾರಣವನ್ನು ಲಿಖಿತವಾಗಿ ಸಮರ್ಥಿಸಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ, ಕನ್ನಡದಲ್ಲಿ ತಾಣ ನಡೆಸುವವರಿಗೆ ಎದುರಾಗುವ ಎರಡು ತೊಡಕುಗಳನ್ನು ಮರೆಮಾಚುವುದು ಸರಿಯಲ್ಲ. ಮೊದಲನೆಯದು ಹಳೆಯ ಬರಹಗಳದು. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದರೂ ಬಹುಕಾಲ ಕನ್ನಡದ ಬೆರಳಚ್ಚು ನಡೆದದ್ದು ಬರಹ, ನುಡಿ ಮೊದಲಾದ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸಗಳಲ್ಲಿ. ಸ್ಮರಣ ಸಂಚಿಕೆಯ ಹಳೆಯ ಕಡತದಿಂದ ಒಂದು ಲೇಖನವನ್ನು ತೆಗೆದು ನೇರವಾಗಿ ತಾಣದಲ್ಲಿ ಅಂಟಿಸಿದರೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪರಿವರ್ತಕ ತಂತ್ರಾಂಶಗಳಿವೆ. ಆದರೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳ ಸ್ಥಳಗಳಲ್ಲಿ ತಪ್ಪು ನುಸುಳುವುದುಂಟು. ಪರಿವರ್ತನೆಯಾದ ಪ್ರತಿಯನ್ನು ಕರಡಚ್ಚಿನಂತೆ ಸಾಲುಸಾಲಾಗಿ ಓದಿ ತಿದ್ದಬೇಕು. ಈ ಕೆಲಸಕ್ಕೆ ಬೇಕಾದುದು ಕನ್ನಡವನ್ನು ಚೆನ್ನಾಗಿ ಬಲ್ಲ ಕಣ್ಣು. ನಿವೃತ್ತ ಅಧ್ಯಾಪಕರಿಗಿಂತ ಇದಕ್ಕೆ ತಕ್ಕವರು ಯಾರು?

ಎರಡನೆಯದು ಸೂಕ್ಷ್ಮವಾದುದು, ಬಹುಜನರ ಗಮನಕ್ಕೆ ಬಾರದು. ಲೇಖನದ ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟಾಗ ವರ್ಡ್‌ಪ್ರೆಸ್ ಆ ಶೀರ್ಷಿಕೆಯಿಂದಲೇ ಪುಟದ ವಿಳಾಸವನ್ನು ರಚಿಸುತ್ತದೆ. ವಿಳಾಸದ ಈ ಭಾಗಕ್ಕೆ ದತ್ತಸಂಚಯದಲ್ಲಿ 200 ಅಕ್ಷರಗಳ ಜಾಗವಿದೆ. ಇಂಗ್ಲಿಷಿಗೆ ಇದು ಧಾರಾಳ. ಆದರೆ ವಿಳಾಸದಲ್ಲಿ ಕನ್ನಡದ ಒಂದೊಂದು ವರ್ಣಸಂಕೇತವೂ ಒಂಬತ್ತು ರೋಮನ್ ಚಿಹ್ನೆಗಳಾಗಿ ಬಿಡಿಸಿಕೊಳ್ಳುತ್ತದೆ. ‘ಕಾ’ ಎಂಬಲ್ಲಿ ವ್ಯಂಜನ ಒಂದು, ಸ್ವರಚಿಹ್ನೆ ಒಂದು, ಅಷ್ಟಕ್ಕೇ ಹದಿನೆಂಟು. ಹೀಗಾಗಿ ಸುಮಾರು 22 ಸಂಕೇತಗಳಾಗುವಷ್ಟರಲ್ಲಿ ಜಾಗ ಮುಗಿದು, ವಿಳಾಸವು ಪದದ ನಡುವೆಯೇ ತುಂಡಾಗುತ್ತದೆ. ಪುಟವೇನೋ ತೆರೆಯುತ್ತದೆ, ಆದರೆ ಅದನ್ನು ಪತ್ರದಲ್ಲಿ ಬರೆದು ಕಳುಹಿಸಿದರೆ ಅದು ವಿಳಾಸವೋ ತಂತಿಯ ಗುಪ್ತಲಿಪಿಯೋ ತಿಳಿಯದು. ವಿಳಾಸಕ್ಕೆ ಎರಡು ಮೂರು ಪದಗಳ ಚಿಕ್ಕ ಹೆಸರನ್ನು ಸಂಪಾದಕನೇ ಕೊಟ್ಟುಬಿಡುವುದು ಇದಕ್ಕೆ ಪರಿಹಾರ. ಶೀರ್ಷಿಕೆಯನ್ನು ಮೊಟಕು ಮಾಡಬೇಕಾಗಿಲ್ಲ.

ಮುಕ್ತ ತಂತ್ರಾಂಶವೆಂದರೆ ಖರ್ಚಿಲ್ಲದ ತಂತ್ರಾಂಶವೆಂಬ ಗ್ರಹಿಕೆ ವ್ಯಾಪಕವಾಗಿದೆ. ಪರವಾನಗಿಗೆ ಹಣ ಕೊಡಬೇಕಾಗಿಲ್ಲವೆಂಬುದು ನಿಜ. ತಾಣದ ಹೆಸರಿಗೆ ವಾರ್ಷಿಕ ಶುಲ್ಕವಿದೆ, ಸರ್ವರಿನ ಬಾಡಿಗೆಯಿದೆ. ಇವೆರಡಕ್ಕಿಂತಲೂ ಹೆಚ್ಚಿನದೊಂದು ವೆಚ್ಚ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಅದು ಎಚ್ಚರದ ವೆಚ್ಚ.

2014ರ ಅಕ್ಟೋಬರ್ 15ರಂದು ನಡೆದ ಸಂಗತಿ ಇದನ್ನು ಎಲ್ಲರಿಗೂ ಮನಗಾಣಿಸಿತು. ಡ್ರೂಪಲ್ 7ರಲ್ಲಿ, ದತ್ತಸಂಚಯದೊಳಕ್ಕೆ ಹೊರಗಿನವರು ತಮ್ಮ ಆಜ್ಞೆಗಳನ್ನು ತೂರಿಸಲು ಎಡೆಮಾಡಿಕೊಡುವ ದೋಷವೊಂದು ಪತ್ತೆಯಾಗಿ, ಅದರ ಪರಿಹಾರವನ್ನು ಅಂದು ಪ್ರಕಟಿಸಲಾಯಿತು. ಪರಿಹಾರ ಪ್ರಕಟವಾಯಿತೆಂದರೆ ದೋಷ ಎಲ್ಲಿದೆಯೆಂಬುದೂ ಪ್ರಕಟವಾದಂತೆಯೇ. ಗಂಟೆಗಳೊಳಗೆ ಯಾಂತ್ರಿಕವಾದ ದಾಳಿಗಳು ಆರಂಭವಾದವು. ಎರಡು ವಾರಗಳ ಅನಂತರ ಡ್ರೂಪಲ್‌ನ ಸುರಕ್ಷಾ ಮಂಡಲಿಯು ಒಂದು ಸಾರ್ವಜನಿಕ ಎಚ್ಚರಿಕೆಯನ್ನು ಹೊರಡಿಸಿತು: ಪ್ರಕಟಣೆಯಾದ ಏಳು ಗಂಟೆಗಳೊಳಗೆ ಸರಿಪಡಿಸದಿದ್ದ ಪ್ರತಿಯೊಂದು ತಾಣವೂ ಪರರ ವಶವಾಗಿದೆಯೆಂದೇ ಭಾವಿಸಬೇಕು. ಏಳು ಗಂಟೆಗಳು! ಭಾರತದ ಗಡಿಯಾರದಲ್ಲಿ ಆ ಅವಧಿಯು ರಾತ್ರಿಯಿಂದ ಬೆಳಗಿನ ಜಾವದವರೆಗೆ ಹಬ್ಬಿತ್ತು. ತಿಂಗಳಿಗೊಮ್ಮೆ ಸಭೆ ಸೇರುವ ಸಮಿತಿಗೆ ಇಂತಹ ಸೂಚನೆಯನ್ನು ಪಾಲಿಸುವುದು ಹೇಗೆ ಸಾಧ್ಯ? ವರ್ಡ್‌ಪ್ರೆಸ್ 2013ರ ಅಕ್ಟೋಬರ್‌ನಿಂದ ಸಣ್ಣ ಸುರಕ್ಷಾ ಪರಿಷ್ಕರಣಗಳನ್ನು ತಾನಾಗಿಯೇ ಅಳವಡಿಸಿಕೊಳ್ಳುತ್ತದೆ. ಸಾಮಾನ್ಯ ಬಳಕೆದಾರರ ಪಾಲಿಗೆ ಇದೊಂದು ದೊಡ್ಡ ಆಸರೆ. ಆದರೆ ಯಾರೋ ಬರೆದು, ಅನಂತರ ನಿರ್ವಹಿಸದೆ ಬಿಟ್ಟ ಪ್ಲಗಿನ್‌ಗಳಿಗೆ ಈ ರಕ್ಷಣೆ ತಲುಪುವುದಿಲ್ಲ, ಏಕೆಂದರೆ ಅವುಗಳಿಗೆ ಪರಿಷ್ಕರಣವೇ ಹೊರಬರುವುದಿಲ್ಲ. ಉತ್ಸಾಹದಿಂದ ಮೂವತ್ತು ಪ್ಲಗಿನ್‌ಗಳನ್ನು ಸೇರಿಸಿದವರು ಮೂವತ್ತು ಬಾಗಿಲುಗಳನ್ನು ಇರಿಸಿಕೊಂಡಂತೆ. ಬೇಡದವನ್ನು ನಿಲ್ಲಿಸಿದರೆ ಸಾಲದು, ತೆಗೆದೇ ಹಾಕಬೇಕು.

ಮುಕ್ತ ತಂತ್ರಾಂಶದ ಜಗತ್ತಿನಲ್ಲಿ ಕಲಹಗಳಿಲ್ಲವೆಂದು ತಿಳಿಯುವುದೂ ತಪ್ಪು. 2024ರ ಸೆಪ್ಟೆಂಬರ್‌ನಲ್ಲಿ ವರ್ಡ್‌ಪ್ರೆಸ್‌ನ ಸಹಸಂಸ್ಥಾಪಕರಿಗೂ ಆ ತಂತ್ರಾಂಶದ ತಾಣಗಳಿಗೆ ಸರ್ವರ್ ಸೇವೆ ಒದಗಿಸುವ ದೊಡ್ಡ ಕಂಪನಿಯೊಂದಕ್ಕೂ ವಿವಾದ ಹುಟ್ಟಿ, ಆ ಕಂಪನಿಯ ಗ್ರಾಹಕರ ತಾಣಗಳಿಗೆ ಪರಿಷ್ಕರಣಗಳು ಬರುವ ದಾರಿಯೇ ಕೆಲಕಾಲ ಮುಚ್ಚಿತು. ಪ್ರಕರಣವು ಅಮೆರಿಕದ ನ್ಯಾಯಾಲಯಕ್ಕೆ ಹೋಗಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಮಧ್ಯಂತರ ಆಜ್ಞೆ ಹೊರಟಿತು. ಯಾವ ಪಕ್ಷದ ವಾದ ಸರಿಯೆಂಬುದು ಬೇರೆ ಮಾತು. ತಂತ್ರಾಂಶದ ಸಂಕೇತಗಳು ಎಲ್ಲರಿಗೂ ಸೇರಿದ್ದರೂ ಅವು ಹರಿದುಬರುವ ಕಾಲುವೆ ಕೆಲವರ ಕೈಯಲ್ಲಿ ಇರಬಹುದೆಂಬ ಸಂಗತಿ ಸಾಮಾನ್ಯ ಬಳಕೆದಾರರಿಗೆ ಆಗ ಮೊದಲ ಬಾರಿಗೆ ತಿಳಿಯಿತು. ಆದಾಗ್ಯೂ ಕಾಲುವೆ ಮುಚ್ಚಿದಾಗ ಬೇರೆ ಕಾಲುವೆ ತೋಡುವ ಹಕ್ಕು ಪರವಾನಗಿಯಲ್ಲಿಯೇ ಇದೆ. ಮ್ಯಾಂಬೋದಿಂದ ಹೊರಬಂದವರು 2005ರಲ್ಲಿ ಬಳಸಿದ್ದು ಈ ಹಕ್ಕನ್ನೇ. ಖಾಸಗಿ ಕಂಪನಿಯ ಮುಚ್ಚಿದ ತಾಣಸೇವೆಯಲ್ಲಿ ಬರಹಗಳನ್ನು ಕೂಡಿಟ್ಟವರಿಗೆ, ಕಂಪನಿ ಸೇವೆಯನ್ನು ನಿಲ್ಲಿಸಿದ ದಿನ ಇಂತಹ ಹಕ್ಕು ಇರುವುದಿಲ್ಲ.

ಹೊರನಾಡಿನ ಕನ್ನಡ ಸಂಘಗಳಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಅವುಗಳ ನಾಟಕಗಳ ಛಾಯಾಚಿತ್ರಗಳು, ಉಪನ್ಯಾಸಗಳ ಪಾಠ, ಸದಸ್ಯರ ನೆನಪುಗಳು ಬೇರಾವ ಸಂಗ್ರಹದಲ್ಲಿಯೂ ದೊರೆಯುವಂತಹವಲ್ಲ. ಕಾಗದದ ಪ್ರತಿಗಳನ್ನು ಮುಂಬಯಿ, ಚೆನ್ನೈಗಳ ಮಳೆಗಾಲದ ತೇವ ತಿನ್ನುತ್ತದೆ. ಮೂರು ನಾಲ್ಕು ದಶಕಗಳ ಹಿಂದಿನ ಸಂಚಿಕೆಗಳು ಕೆಲವು ಮನೆಗಳಲ್ಲಿ ಮಾತ್ರ ಉಳಿದಿವೆ. ಇವನ್ನು ಜಾಲತಾಣಕ್ಕೆ ಏರಿಸುವ ಉತ್ಸಾಹ ಎಲ್ಲೆಡೆ ಇದೆ. ಏರಿಸಿದ್ದನ್ನು ಇಳಿಸಿಕೊಳ್ಳುವ ದಾರಿಯನ್ನು ಮೊದಲೇ ವಿಚಾರಿಸುವವರು ಕಡಮೆ.

ಆದುದರಿಂದ ತಾಣದ ಹೆಸರನ್ನು ವ್ಯಕ್ತಿಯ ಹೆಸರಿನಲ್ಲಿ ನೋಂದಾಯಿಸದೆ ಸಂಘದ ಹೆಸರಿನಲ್ಲಿಯೇ ನೋಂದಾಯಿಸಿ, ಸಂಘದ ಮಿಂಚಂಚೆಯನ್ನು ಅದಕ್ಕೆ ಜೋಡಿಸುವುದು ಅಗತ್ಯ. ವ್ಯವಸ್ಥಾಪಕರ ಅಧಿಕಾರ ಇಬ್ಬರಿಗಾದರೂ ಇರಬೇಕು. ಕಾರ್ಯಕಾರಿ ಸಮಿತಿ ಬದಲಾದಾಗ ಬ್ಯಾಂಕಿನ ಖಾತೆಯ ಸಹಿಗಳನ್ನು ಬದಲಿಸುವಂತೆ ತಾಣದ ಗುಪ್ತಪದಗಳನ್ನೂ ಬದಲಿಸಿ, ಆ ಸಂಗತಿಯನ್ನು ನಡಾವಳಿಯಲ್ಲಿ ಬರೆದಿಡಬಹುದು. ವರ್ಡ್‌ಪ್ರೆಸ್‌ನಲ್ಲಿ ಬರಹಗಳೆಲ್ಲವನ್ನೂ ಒಂದೇ ಕಡತವಾಗಿ ಹೊರತೆಗೆಯುವ ಸೌಲಭ್ಯವಿದೆ. ಇದಕ್ಕೆ ಕೆಲವು ನಿಮಿಷ ಸಾಕು. ಆದರೆ ಆ ಕಡತದಲ್ಲಿ ಬರಹವಿರುತ್ತದೆಯೇ ಹೊರತು ಛಾಯಾಚಿತ್ರಗಳು ಇರುವುದಿಲ್ಲ. ಚಿತ್ರಗಳ ವಿಳಾಸಗಳು ಮಾತ್ರ ಇರುತ್ತವೆ. ಅನೇಕರು ಇದನ್ನು ಅರಿಯುವುದು ಸರ್ವರಿನ ಬಾಡಿಗೆ ಮುಗಿದು ತಾಣ ಅಳಿಸಿಹೋದ ಬಳಿಕ. ಚಿತ್ರಗಳು ಸರ್ವರಿನಲ್ಲಿ ‘ಅಪ್‌ಲೋಡ್ಸ್’ ಎಂಬ ಪ್ರತ್ಯೇಕ ಕಡತಕೋಶದಲ್ಲಿ ವರ್ಷ, ತಿಂಗಳುಗಳ ಕ್ರಮದಲ್ಲಿ ಇರುತ್ತವೆ. ಅದನ್ನು ಬೇರೆಯಾಗಿಯೇ ನಕಲು ಮಾಡಿಕೊಂಡು, ಒಂದು ಪ್ರತಿಯನ್ನು ಕಾರ್ಯಾಲಯದ ಬೀರುವಿನಲ್ಲಿಯೂ ಇನ್ನೊಂದನ್ನು ಬೇರೊಬ್ಬ ಪದಾಧಿಕಾರಿಯ ಮನೆಯಲ್ಲಿಯೂ ಇರಿಸಬೇಕಾಗುತ್ತದೆ.